ಉಂಗುರ ಸಿಗದ ಮರೆವು

ಅರವತ್ತು ದಾಟಿದವರು ಹೇಳಿದ್ದನ್ನೇ ಹೇಳತೊಡಗಿದರೆ, ಇಟ್ಟ ವಸ್ತುವನ್ನು ಮರೆತು ಮನೆಯವರ ಮೇಲೆ ಹರಿಹಾಯ್ದರೆ, ಕನ್ನಡದಲ್ಲಿ ‘ಅರವತ್ತಕ್ಕೆ ಅರಳು ಮರಳು’ ಎಂದು ನಗುತ್ತೇವೆ. ಅದೇ ಬೀದಿಯ ಉರ್ದು ಮಾತಿನ ಮನೆಯಲ್ಲಿ ‘ಸಠಿಯಾ ಗಯೇ’ ಎಂದು ನಗುತ್ತಾರೆ. ಸಾಠ್ ಎಂದರೂ ಅರವತ್ತೇ. ಎರಡೂ ಭಾಷೆಗಳಲ್ಲಿ ಓದು ಬರಹ ಕಲಿತ ನಮಗೆ ಈ ಹೋಲಿಕೆ ಮೊದಲು ತಮಾಷೆಯಾಗಿ ಕಂಡಿತ್ತು. ಈಗ ಹಾಗೆ ಕಾಣುವುದಿಲ್ಲ. ಮರೆಯುವವನನ್ನು ಲೇವಡಿ ಮಾಡಲು ಎರಡೂ ಭಾಷೆಗಳಲ್ಲಿ ಮಾತು ಸಿದ್ಧವಾಗಿದೆ. ಮರೆಯುವವನ ಜೊತೆಯಲ್ಲೇ ಉಂಡು, ಮಲಗಿ, ಎದ್ದು ಬದುಕುವವಳಿಗೆ ಎರಡರಲ್ಲೂ ಒಂದು ಹೆಸರಿಲ್ಲ.

ಇದು ಕೇವಲ ಭಾಷೆಯ ಕೊರತೆಯಲ್ಲ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆ, ಅಂದರೆ ಸುಮಾರು 88 ಲಕ್ಷ ಜನ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಅದರಲ್ಲಿ ಹೆಚ್ಚು ಕಂಡುಬರುವ ಬಗೆ ಅಲ್ಜೈಮರ್. ಇಂಥವರ ಆರೈಕೆಗೆ ಲೋಕದಾದ್ಯಂತ ಮನೆಯವರು ಕೊಡುವ ಗಂಟೆಗಳಲ್ಲಿ ನೂರಕ್ಕೆ ಎಪ್ಪತ್ತು ಪಾಲು ಹೆಂಗಸರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಕಿಗಳು ಇಷ್ಟನ್ನು ಹೇಳಿ ಸುಮ್ಮನಾಗುತ್ತವೆ. ಆ ಗಂಟೆಗಳಲ್ಲಿ ಆಕೆಯ ಮನಸ್ಸಿನೊಳಗೆ ಏನಾಗುತ್ತದೆ ಎಂದು ಹೇಳುವುದು ಕಥೆಯ ಕೆಲಸ, ನಾಟಕದ ಕೆಲಸ, ಸಿನಿಮಾದ ಕೆಲಸ. ಅವು ಈ ಕೆಲಸವನ್ನು ಎಷ್ಟರ ಮಟ್ಟಿಗೆ ಮಾಡಿವೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಗುಬ್ಬಿ ತಾಲ್ಲೂಕಿನ ನಿಟ್ಟೂರಿನಂಥ ಊರಿನಿಂದ ಈ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಸೀಮೆ ಇದು. ಇಲ್ಲಿಯ ಹಿರಿಯರಿಗೆ ನಾಟಕದ ಕಥೆಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮರೆವಿನ ಕಥೆ ಎಂದೊಡನೆ ಅವರಿಗೆ ನೆನಪಾಗುವುದು ಶಕುಂತಲೆ. ಕಾಳಿದಾಸನ ನಾಟಕವನ್ನು ಬಸವಪ್ಪ ಶಾಸ್ತ್ರಿಗಳು ಹತ್ತೊಂಬತ್ತನೇ ಶತಮಾನದಲ್ಲೇ ಕನ್ನಡಕ್ಕೆ ತಂದರು. ನಾಟಕ ನೋಡದವರು 1983ರ ‘ಕವಿರತ್ನ ಕಾಳಿದಾಸ’ದಲ್ಲಿ ರಾಜ್‌ಕುಮಾರ್ ಅವರನ್ನು ದುಷ್ಯಂತನಾಗಿ ಕಂಡರು. ಗಂಡ ಹೆಂಡತಿಯನ್ನು ಮರೆಯುತ್ತಾನೆ. ಆದರೆ ಅದು ಅವನ ತಪ್ಪಲ್ಲ, ದೂರ್ವಾಸರ ಶಾಪ. ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಗುತ್ತದೆ, ನೆನಪು ಮರಳುತ್ತದೆ, ಸಂಸಾರ ಒಂದಾಗುತ್ತದೆ. ಮರೆವಿನ ಬಗ್ಗೆ ನಮ್ಮ ಕಲ್ಪನೆ ಇಂದಿಗೂ ಈ ಉಂಗುರಕ್ಕೆ ಕಟ್ಟುಬಿದ್ದಿದೆ. ಕೊನೆಯ ಅಂಕದಲ್ಲಿ ಎಲ್ಲಿಂದಲೋ ಒಂದು ಉಂಗುರ ಬಂದೇ ಬರುತ್ತದೆಂದು ನಾವು ಕಾಯುತ್ತೇವೆ.

ಅಲ್ಜೈಮರ್‌ಗೆ ಅಂಥ ಉಂಗುರವಿಲ್ಲ. ರೋಗದ ವೇಗವನ್ನು ತುಸು ತಗ್ಗಿಸುವ, ಲಕ್ಷಣಗಳನ್ನು ಕೆಲಕಾಲ ಹಿಡಿದಿಡುವ ಔಷಧಿಗಳಿವೆ. ಹೋದದ್ದನ್ನು ಮರಳಿ ತರುವ ಔಷಧಿ ಇಲ್ಲ. ಕೊನೆಯಲ್ಲಿ ಗುರುತು ಹಿಡಿಯುವ ಕ್ಷಣಕ್ಕಾಗಿ ಕಾಯುವ ಕಥೆ ಇಲ್ಲಿ ಕಾಯುವವಳನ್ನೇ ಮೋಸಗೊಳಿಸುತ್ತದೆ.

ಕನ್ನಡದಲ್ಲಿ ಈ ರೋಗವನ್ನು ನೇರವಾಗಿ ಎತ್ತಿಕೊಂಡು ಜನರನ್ನು ತಲುಪಿದ ಕೃತಿ ಎಂದರೆ ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. 2016ರಲ್ಲಿ ತೆರೆಕಂಡ ಈ ಚಿತ್ರ 2018ರಲ್ಲಿ ಪ್ರಕಾಶ್ ರೈ ಅಭಿನಯದಲ್ಲಿ ತಮಿಳಿಗೂ ಹೋಯಿತು. ಕಾಣೆಯಾದವರ ಪ್ರಕಟಣೆಯ ಸಾಲನ್ನೇ ಹೆಸರಾಗಿ ಇಟ್ಟುಕೊಂಡಿರುವುದರಲ್ಲೇ ಚಿತ್ರದ ಜಾಣ್ಮೆ ಇದೆ. ಒಬ್ಬ ಮನುಷ್ಯನನ್ನು ಹುಡುಕಿಕೊಡಿ ಎಂದು ಕೇಳುವಾಗ ನಮ್ಮ ಬಳಿ ಇರುವ ವಿವರ ಇಷ್ಟೇ: ಗೋಧಿ ಬಣ್ಣ, ಸಾಧಾರಣ ಮೈಕಟ್ಟು. ಅನಂತ್ ನಾಗ್ ಅವರ ವೆಂಕೋಬರಾವ್ ಕಾಣೆಯಾದ ಮೇಲೆ ಮಗ ಶಿವ ತಂದೆಯನ್ನು ಹುಡುಕುತ್ತ ಹೋಗುತ್ತಾನೆ. ತನಗೆ ತಂದೆಯ ಬಗ್ಗೆ ಎಷ್ಟು ಕಡಿಮೆ ಗೊತ್ತಿತ್ತು ಎಂದು ಅರಿಯುತ್ತ ಹೋಗುತ್ತಾನೆ. ಹೊಟ್ಟೆಪಾಡಿಗೆ ಊರು ಬಿಟ್ಟ ಮಕ್ಕಳ ಎದೆಗೆ ನಾಟುವ ಚಿತ್ರ ಇದು. ಅನಂತ್ ನಾಗ್ ಎಲ್ಲೂ ರೋಗವನ್ನು ಅಭಿನಯಿಸಿ ತೋರಿಸುವುದಿಲ್ಲ. ದಾರಿ ತಪ್ಪಿದ ಸಭ್ಯ ಮನುಷ್ಯನೊಬ್ಬನ ಗೊಂದಲವನ್ನಷ್ಟೇ ತೋರಿಸುತ್ತಾರೆ. ಈ ಮೆಚ್ಚುಗೆಯಲ್ಲಿ ನಮ್ಮದು ಎರಡು ಮಾತಿಲ್ಲ.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ವೆಂಕೋಬರಾವ್ ಅವರ ಪತ್ನಿ ಪುಷ್ಪಾ ತೀರಿಹೋಗಿದ್ದಾರೆ. ಅವರ ನೆನಪು ಚಿತ್ರದ ತುಂಬ ಪರಿಮಳದಂತೆ ಹರಡಿಕೊಂಡಿದೆ. ಎಲ್ಲ ಮರೆತ ಮನುಷ್ಯ ತನ್ನ ಪ್ರೇಮದ ಕಥೆಯನ್ನು ಮಾತ್ರ ಸೊಗಸಾಗಿ ಹೇಳುತ್ತಾನೆ. ಕೇಳುವುದಕ್ಕೆ ಹಿತ. ಪುಷ್ಪಾ ಬದುಕಿದ್ದಿದ್ದರೆ? ರಾತ್ರಿ ಎರಡಕ್ಕೆ ಚಿಲಕ ತೆಗೆದು ಹೊರಟ ಗಂಡನ ತೋಳು ಹಿಡಿದು ಒಳಗೆ ಕರೆತರಬೇಕಾದವಳು ಅವಳೇ. ‘ನೀನು ಯಾರು, ನನ್ನ ಮನೆಯಲ್ಲಿ ನಿನಗೇನು ಕೆಲಸ’ ಎಂಬ ಮಾತನ್ನು ಕೇಳಿಸಿಕೊಳ್ಳಬೇಕಾದವಳೂ ಅವಳೇ. ಆಗ ಆ ಪ್ರೇಮಕಥೆ ಅಷ್ಟು ಹಗುರವಾಗಿ ಉಳಿಯುತ್ತಿರಲಿಲ್ಲ. ಸತ್ತ ಹೆಂಡತಿ ಎಂದೂ ದಣಿಯುವುದಿಲ್ಲ, ಅವಳಿಗೆ ಸಿಟ್ಟು ಬರುವುದಿಲ್ಲ. ಮಕ್ಕಳ ಅಪರಾಧಭಾವವನ್ನು ಚೆನ್ನಾಗಿ ಬಲ್ಲ ನಮ್ಮ ಕಥೆಗಳು ಸಂಗಾತಿಯ ಆಯಾಸದ ಹತ್ತಿರ ಬಂದಾಗ ದಾರಿ ಬದಲಿಸುತ್ತವೆ. 2005ರ ಹಿಂದಿ ಚಿತ್ರ ‘ಮೈನೇ ಗಾಂಧಿ ಕೋ ನಹೀ ಮಾರಾ’ದಲ್ಲೂ, ಸುಮಿತ್ರಾ ಭಾವೆ ಮತ್ತು ಸುನೀಲ್ ಸುಖ್ತಣಕರ್ ಅವರ ಮರಾಠಿಯ ‘ಅಸ್ತು’ವಿನಲ್ಲೂ ಹೊರೆ ಹೊತ್ತವರು ಹೆಣ್ಣುಮಕ್ಕಳು. ‘ಅಸ್ತು’ವಿನಲ್ಲಿ ದಾರಿ ತಪ್ಪಿದ ಸಂಸ್ಕೃತ ಪಂಡಿತನನ್ನು ಮಗುವಿನಂತೆ ನೋಡಿಕೊಳ್ಳುವವಳು ಕನ್ನಡ ಮಾತಿನ ಚನ್ನಮ್ಮ, ಆನೆ ಸಾಕುವವನ ಹೆಂಡತಿ. ಆ ಪಾತ್ರಕ್ಕೆ ಅಮೃತಾ ಸುಭಾಷ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಚನ್ನಮ್ಮನ ಮಮತೆ ನಿಜವಾದದ್ದು. ಆದರೆ ಅದು ಒಂದೆರಡು ದಿನದ ಮಮತೆ. ಎಂಟು ಹತ್ತು ವರ್ಷ ಎಳೆಯುವ ಆರೈಕೆಯ ಲೆಕ್ಕವೇ ಬೇರೆ.

ಸಂಗಾತಿಯ ಹತ್ತಿರ ಹೋದ ಚಿತ್ರ ಬ್ಲೆಸ್ಸಿ ಅವರ ಮಲಯಾಳಂನ ‘ತನ್ಮಾತ್ರ’ (2005). ಸೆಕ್ರೆಟೇರಿಯಟ್ ನೌಕರ ರಮೇಶನ್ ನಾಯರ್ ಆಗಿ ಮೋಹನ್‌ಲಾಲ್, ಪತ್ನಿ ಲೇಖಾ ಆಗಿ ಮೀರಾ ವಾಸುದೇವನ್. ದಂಪತಿಯ ಏಕಾಂತದ ಗಳಿಗೆಯಲ್ಲಿ ಗಂಡನ ಗಮನ ಗೋಡೆಯ ಮೇಲಿನ ಹಲ್ಲಿಯ ಕಡೆ ಹೋಗಿಬಿಡುತ್ತದೆ. ಪಕ್ಕದಲ್ಲಿರುವ ಹೆಂಡತಿಯನ್ನು ಬಿಟ್ಟು ಅವನು ಹಲ್ಲಿಯ ಬೆನ್ನು ಹತ್ತುತ್ತಾನೆ. ಆ ದೃಶ್ಯದ ಬಗ್ಗೆ ಮಡಿವಂತರ ತಕರಾರು ಏನೇ ಇರಲಿ, ಮಗ ಅಥವಾ ಮಗಳು ಕಳೆದುಕೊಳ್ಳಲಾರದ್ದನ್ನು ಹೆಂಡತಿ ಕಳೆದುಕೊಳ್ಳುತ್ತಾಳೆ ಎಂಬುದನ್ನು ಅದು ಒಂದೇ ಏಟಿಗೆ ಹೇಳುತ್ತದೆ. ಗಂಡ ಮಗುವಾದಾಗ ಹೆಂಡತಿಗೆ ಒಂದು ಮಗು ಸಿಕ್ಕಿತು ಎಂದು ನಾವು ಸಮಾಧಾನ ಹೇಳುತ್ತೇವೆ. ಅವಳಿಗೆ ಗಂಡ ಇಲ್ಲವಾದ ಎಂಬುದನ್ನು ಹೇಳುವುದಿಲ್ಲ. 2008ರ ‘ಯೂ ಮೀ ಔರ್ ಹಮ್’ನಲ್ಲಿ ಪಾತ್ರಗಳು ಅದಲುಬದಲು: ರೋಗ ಹೆಂಡತಿಗೆ, ಆರೈಕೆ ಗಂಡನದು. ಮಗುವಿನ ಜೀವಕ್ಕೆ ಅಪಾಯ ಬಂದಾಗ ಆಕೆಯನ್ನು ಆರೈಕೆ ಕೇಂದ್ರಕ್ಕೆ ಬಿಡುತ್ತಾನೆ, ಮತ್ತೆ ಮನೆಗೆ ಕರೆತರುತ್ತಾನೆ. ಪ್ರೇಮ ಗೆದ್ದಿತು ಎಂದು ಪ್ರೇಕ್ಷಕ ಕಣ್ಣೊರೆಸಿಕೊಂಡು ಹೊರಬರುತ್ತಾನೆ. ಹೊರಗೆ ಬಿಟ್ಟವನ ಪ್ರೇಮ ಸೋತಿತು ಎಂಬ ತೀರ್ಪೂ ಆ ಕಣ್ಣೀರಿನಲ್ಲಿ ಬೆರೆತಿರುತ್ತದೆ. ಈ ತೀರ್ಪಿಗೆ ಹೆದರಿಯೇ ಎಷ್ಟೋ ಮನೆಗಳಲ್ಲಿ ಯಾರೂ ನೆರವು ಕೇಳುವುದಿಲ್ಲ.

ಇಂಗ್ಲಿಷ್ ಕಾದಂಬರಿಗಾರ್ತಿ ಐರಿಸ್ ಮರ್ಡಾಕ್ ಅವರ ಗಂಡ ಜಾನ್ ಬೇಯ್ಲಿ 1998ರಲ್ಲಿ, ಹೆಂಡತಿ ಇನ್ನೂ ಬದುಕಿದ್ದಾಗಲೇ, ಅವರ ಅಲ್ಜೈಮರ್ ದಿನಗಳ ಬಗ್ಗೆ ಪುಸ್ತಕ ಬರೆದರು. ತನ್ನ ರೇಗಾಟವನ್ನು ಅವರು ಮುಚ್ಚಿಡಲಿಲ್ಲ. ಹೆಂಡತಿಯ ಮರ್ಯಾದೆ ಕಳೆದರು ಎಂದು ಬೈದವರೂ ಇದ್ದರು. ಪ್ರೀತಿಯೂ ರೇಗಾಟವೂ ಒಂದೇ ಮನಸ್ಸಿನಲ್ಲಿ, ಒಂದೇ ಗಳಿಗೆಯಲ್ಲಿ ಇರಬಲ್ಲವು ಎಂದು ಸಂಗಾತಿಯೊಬ್ಬ ಬಾಯಿಬಿಟ್ಟು ಹೇಳಿದ್ದು ನಮಗೆ ಮುಖ್ಯವಾಗಿ ಕಾಣುತ್ತದೆ. ಆ ಬೈಗುಳದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಇಂಥ ಮಾತನ್ನು ಹೆಂಗಸೊಬ್ಬಳು ನಮ್ಮ ನಡುವೆ ಆಡಿದರೆ ಅವಳಿಗೆ ಸಿಗುವ ಬೈಗುಳ ಎಷ್ಟಿರಬಹುದು ಎಂಬುದನ್ನೂ ಯೋಚಿಸಬೇಕು.

ಸಂಗಾತಿಯನ್ನು ಕಥೆಯಿಂದ ಹೊರಗಿಡುವ ಈ ಅಭ್ಯಾಸ ರೋಗದ ಮೊದಲ ದಾಖಲೆಯಷ್ಟೇ ಹಳೆಯದು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಸೇರಿದ 51 ವರ್ಷದ ಆಗುಸ್ಟ್ ಡೇಟರ್ ಎಂಬ ಹೆಣ್ಣುಮಗಳನ್ನು ಡಾ. ಅಲೋಯಿಸ್ ಅಲ್ಜೈಮರ್ ಪರೀಕ್ಷಿಸಿದರು. ಅವಳಲ್ಲಿ ಮೊದಲು ಕಂಡ ಲಕ್ಷಣ ಗಂಡನ ಮೇಲಿನ ಅನುಮಾನ. 1906ರಲ್ಲಿ ಅವಳು ತೀರಿಕೊಂಡ ಮೇಲೆ ವೈದ್ಯರು ಅವಳ ಮಿದುಳನ್ನು ಪರೀಕ್ಷಿಸಿ ವರದಿ ಮಂಡಿಸಿದರು. 1910ರಲ್ಲಿ ಕ್ರೆಪೆಲಿನ್ ಈ ರೋಗಕ್ಕೆ ಅಲ್ಜೈಮರ್ ಹೆಸರಿಟ್ಟರು. ವೈದ್ಯನ ಹೆಸರು ಲೋಕಕ್ಕೆಲ್ಲ ಗೊತ್ತು, ರೋಗಿಯ ಹೆಸರು ಓದಿದವರಿಗೆ ಗೊತ್ತು. ರೈಲ್ವೆ ಗುಮಾಸ್ತ ಕಾರ್ಲ್ ಡೇಟರ್, ಹೆಂಡತಿಯ ಅನುಮಾನವನ್ನು ಹೊತ್ತು ಆಸ್ಪತ್ರೆಯ ಖರ್ಚಿಗೆ ತಡಕಾಡಿದ ಆ ಗಂಡ, ಯಾರ ನೆನಪಿನಲ್ಲೂ ಇಲ್ಲ.

ನಮ್ಮ ನಾಡಿನ ಉದಾಹರಣೆಯೂ ಇದೆ. ಮಂಗಳೂರಿನಲ್ಲಿ ಹುಟ್ಟಿ, ರೈಲ್ವೆ ಮುಷ್ಕರದಿಂದ ದೇಶವನ್ನು ನಡುಗಿಸಿ, ರಕ್ಷಣಾ ಸಚಿವರೂ ಆದ ಜಾರ್ಜ್ ಫರ್ನಾಂಡಿಸ್ ತಮ್ಮ ಕೊನೆಯ ವರ್ಷಗಳಲ್ಲಿ ಅಲ್ಜೈಮರ್‌ಗೆ ತುತ್ತಾದರು. ಅವರ ಪತ್ನಿ ಲೈಲಾ ಕಬೀರ್, ಕೇಂದ್ರ ಸಚಿವರಾಗಿದ್ದ ಹುಮಾಯೂನ್ ಕಬೀರರ ಮಗಳು. 1971ರಲ್ಲಿ ಮದುವೆ, ಎಂಬತ್ತರ ದಶಕದಿಂದ ಬೇರೆ ಬೇರೆ ವಾಸ. 2010ರಲ್ಲಿ, ಮಾತು ನೆನಪು ಎರಡೂ ಕೈಕೊಟ್ಟಿದ್ದ ಗಂಡನ ಬಳಿಗೆ ಆಕೆ ಮರಳಿ ಬಂದರು. ಆಮೇಲೆ ನಡೆದದ್ದನ್ನು ಪತ್ರಿಕೆಗಳು ರಂಗುರಂಗಾಗಿ ಬರೆದವು: ಸೋದರರ ಅರ್ಜಿ, ಬಹುಕಾಲದ ಒಡನಾಡಿ ಜಯಾ ಜೇಟ್ಲಿ ಅವರ ಅರ್ಜಿ, ಯಾರು ನೋಡಬಹುದು, ಎಷ್ಟು ಹೊತ್ತು ನೋಡಬಹುದು ಎಂಬ ನ್ಯಾಯಾಲಯದ ಆದೇಶಗಳು. ಯಾರ ಪಕ್ಷ ನ್ಯಾಯವಾದದ್ದು ಎಂದು ಹೇಳುವುದು ನಮ್ಮ ಕೆಲಸವಲ್ಲ. 2019ರ ಜನವರಿ 29ರಂದು ಜಾರ್ಜ್ ತೀರಿಕೊಳ್ಳುವವರೆಗೆ ಸುಮಾರು ಒಂಬತ್ತು ವರ್ಷ ಆ ಮನೆಯೊಳಗೆ ಹಗಲುಗಳು ಹೇಗೆ ಕಳೆದವು, ರಾತ್ರಿಗಳು ಹೇಗೆ ಕಳೆದವು ಎಂಬುದು ಆ ವರದಿಗಳ ಪ್ರಶ್ನೆಯಾಗಲೇ ಇಲ್ಲ. ಹಕ್ಕಿನ ಜಗಳ ಸುದ್ದಿಯಾಯಿತು, ಆರೈಕೆ ಸುದ್ದಿಯಾಗಲಿಲ್ಲ.

ಕಾಣೆಯಾದವರ ಪ್ರಕಟಣೆಗೆ ಮತ್ತೆ ಬರೋಣ. ಇಸ್ಲಾಮೀ ಫಿಕ್ಹ್‌ನಲ್ಲಿ ‘ಮಫ್ಕೂದ್’ ಎಂಬ ಪದವಿದೆ. ಎಲ್ಲಿದ್ದಾನೆ, ಬದುಕಿದ್ದಾನೋ ಇಲ್ಲವೋ ತಿಳಿಯದ ಗಂಡ. ಅವನ ಹೆಂಡತಿ ಎಷ್ಟು ಕಾಲ ಕಾಯಬೇಕು ಎಂದು ವಿದ್ವಾಂಸರು ಶತಮಾನಗಳ ಕಾಲ ಚರ್ಚಿಸಿದ್ದಾರೆ. ಹನಫಿಗಳ ದೀರ್ಘ ಕಾಯುವಿಕೆಗೆ ಬದಲಾಗಿ ಮಾಲಿಕಿಗಳ ನಾಲ್ಕು ವರ್ಷವನ್ನು ಒಪ್ಪಿದ್ದರ ಹಿಂದೆ ಅಂಥ ಹೆಂಗಸರ ಕಷ್ಟವಿತ್ತು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯಿದೆ ಇದನ್ನೇ ಹಿಡಿದು, ಗಂಡನ ಸುಳಿವು ನಾಲ್ಕು ವರ್ಷ ಸಿಗದಿದ್ದರೆ, ಅಥವಾ ಅವನು ಎರಡು ವರ್ಷ ಬುದ್ಧಿಭ್ರಮಣೆಯಲ್ಲಿದ್ದರೆ, ಹೆಂಡತಿ ವಿಚ್ಛೇದನ ಕೇಳಬಹುದು ಎಂದಿತು. ಹೊರಟು ಹೋಗುವವಳಿಗೆ ಒಂದು ಬಾಗಿಲು ಇಟ್ಟದ್ದು ದೊಡ್ಡ ಮಾತೇ. ಆದರೆ ಕಣ್ಣೆದುರಿಗೇ ಕುಳಿತು, ಕೊಟ್ಟ ಗಂಜಿ ಕುಡಿದು, ‘ನಮ್ಮ ಮನೆಗೆ ಕರೆದುಕೊಂಡು ಹೋಗು’ ಎನ್ನುವ ಮಫ್ಕೂದ್‌ನ ಹೆಂಡತಿಗೆ, ಹೋಗದೆ ಉಳಿದವಳಿಗೆ, ಯಾರು ಏನು ಕೊಟ್ಟರು? ಗಂಡ ಸತ್ತರೆ ಇದ್ದತ್ ಇದೆ, ಬಂದು ಕೂರುವ ನೆಂಟರಿದ್ದಾರೆ, ದುಃಖಕ್ಕೊಂದು ಅವಧಿ ಇದೆ. ಇವಳ ದುಃಖಕ್ಕೆ ಮೊದಲ ದಿನ ಯಾವುದು ಎಂದು ಗುರುತಿಸುವುದೂ ಕಷ್ಟ. ಅಮೆರಿಕದ ಪಾಲಿನ್ ಬಾಸ್ ಎಂಬ ವಿದುಷಿ ಇಂಥ ನಷ್ಟವನ್ನು ಕುರಿತು ಬಹುಕಾಲ ಅಧ್ಯಯನ ಮಾಡಿದರು. ದೇಹ ಇದ್ದು ಮನುಷ್ಯ ಇಲ್ಲದಿರುವುದು, ಮನುಷ್ಯ ಮನಸ್ಸಿನಲ್ಲಿದ್ದು ದೇಹ ಸಿಗದಿರುವುದು, ಇವೆರಡೂ ಒಂದೇ ಜಾತಿಯ ದುಃಖ ಎಂದರು. ನಮ್ಮ ಫಿಕ್ಹ್‌ನ ಆ ಹಳೆಯ ಪದವನ್ನು ಇನ್ನೊಂದು ಬಾಗಿಲಿನಿಂದ ನೋಡಿದರೆ ಕಾಣುವುದೂ ಇದೇ.

ಸಿನಿಮಾಗಳು ಮಾಡುವ ಇನ್ನೊಂದು ಎಡವಟ್ಟು ಹೆಸರಿಗೆ ಸಂಬಂಧಿಸಿದ್ದು. ಗಂಡ ಹೆಂಡತಿಯ ಹೆಸರು ಮರೆಯುವ ದೃಶ್ಯಕ್ಕೆ ಪಿಟೀಲು ಮೊಳಗುತ್ತದೆ. ನಿಟ್ಟೂರಿನಂಥ ಊರುಗಳ ಹಳೆಯ ಮನೆಗಳಲ್ಲಿ ಗಂಡ ಹೆಂಡತಿಯ ಹೆಸರು ಹಿಡಿದು ಕರೆದದ್ದೇ ಅಪರೂಪ. ಉರ್ದು ಮನೆಗಳಲ್ಲಿ ‘ಅಜೀ, ಸುನೇ ಕ್ಯಾ’ ಅಥವಾ ‘ಮುನ್ನಿ ಕೀ ಅಮ್ಮಾ’. ಕನ್ನಡದ ಮನೆಗಳಲ್ಲಿ ‘ಲೇ ಇವಳೇ’. ಅವಳು ಅವನನ್ನು ‘ರೀ’ ಎನ್ನುತ್ತಾಳೆ. ಇಲ್ಲಿ ಹೆಸರು ಮರೆತರೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಆ ‘ಲೇ ಇವಳೇ’ ನಿಂತಾಗ. ದಶಕಗಳಿಂದ ಒಂದೇ ದನಿಯಲ್ಲಿ ಬರುತ್ತಿದ್ದ ಕೂಗು ಒಂದು ದಿನ ಬಹುವಚನವಾಗುತ್ತದೆ. ‘ನೀವು ಯಾರಮ್ಮಾ’ ಎಂದು ಮರ್ಯಾದೆಯಿಂದ ಕೇಳುತ್ತಾನೆ. ಜೀವಮಾನವೆಲ್ಲ ಅಂಗಡಿಯಲ್ಲಿ, ಕಚೇರಿಯಲ್ಲಿ ಕನ್ನಡ ಮಾತಾಡಿದವನು ಬಾಲ್ಯದ ದಖ್ಖನಿಗೆ ಮರಳಿ, ಹೆಂಡತಿಯನ್ನೇ ತಾಯಿ ಎಂದುಕೊಂಡು ಸೆರಗು ಹಿಡಿಯುತ್ತಾನೆ. ಸಿಕ್ಕಿದ ಮರ್ಯಾದೆಗೆ ಅಳಬೇಕಾಗಿ ಬರುವ ಸ್ಥಿತಿ ಅದು. ಇದನ್ನು ಬರೆಯಲು ಪಿಟೀಲು ಬೇಕಿಲ್ಲ, ನಮ್ಮ ಮನೆಮಾತುಗಳ ಮೇಲೆ ಕಿವಿ ಇದ್ದರೆ ಸಾಕು. ಕಥೆ ಬರೆಯುವ ನಾವು ಆ ಕಿವಿಯನ್ನು ಇತ್ತ ಇನ್ನೂ ತಿರುಗಿಸಬೇಕಾಗಿದೆ.

ಧರ್ಮದ ಮಾತಿಗೆ ಬಂದರೆ, ಇಂಥ ಮನೆಗೆ ಬಂದವರೆಲ್ಲ ಬಿಟ್ಟು ಹೋಗುವ ಪದ ಒಂದೇ: ಸಬರ್. ಎಲ್ಲ ತಿಳಿದ ಮೇಲೆ ಏನೂ ತಿಳಿಯದ ಸ್ಥಿತಿಗೆ ಮರಳುವ ವಯಸ್ಸಿನ ಪ್ರಸ್ತಾಪ ಕುರ್‌ಆನಿನ 16ನೇ ಮತ್ತು 22ನೇ ಅಧ್ಯಾಯಗಳಲ್ಲಿದೆ. ಬುದ್ಧಿ ಕಳೆದುಕೊಂಡವನ ಮೇಲೆ ನಮಾಝ್, ಉಪವಾಸಗಳ ಕಟ್ಟಳೆ ಇಲ್ಲ ಎಂಬುದು ಎಲ್ಲರೂ ಒಪ್ಪಿದ ಮಾತು. ಒಂದೇ ಅಸರ್ ನಮಾಝನ್ನು ನಾಲ್ಕು ಸಲ ಮಾಡುವ, ಮಾಡಿದ ವುಝೂವನ್ನೇ ಮತ್ತೆ ಮತ್ತೆ ಮಾಡಿ ಅಂಗಳ ತೋಯಿಸುವ ಮುದುಕನಿಗೆ ಶರೀಅತ್ ಇಷ್ಟು ಉದಾರವಾಗಿ ವಿನಾಯಿತಿ ಕೊಟ್ಟಿದೆ. ಅವನ ಹಿಂದೆ ಬಟ್ಟೆ ಹಿಡಿದು ಓಡುವವಳಿಗೆ ನಾವು ಒಂದು ಮಧ್ಯಾಹ್ನದ ವಿನಾಯಿತಿಯನ್ನೂ ಕೊಟ್ಟಿಲ್ಲ.

ಸಬರ್‌ಗೆ ನಮ್ಮ ಪ್ರವಚನಗಳು ಕೊಡುವ ದೊಡ್ಡ ಉದಾಹರಣೆ ಪ್ರವಾದಿ ಅಯ್ಯೂಬ್(ಅ). ಆ ಕಥೆಯಲ್ಲಿ ರೋಗಿಯ ಪಕ್ಕದಲ್ಲಿ ಒಬ್ಬ ಹೆಂಡತಿ ಇದ್ದಾಳೆ. ಜನಪದದಲ್ಲಿ ಆಕೆ ಬೀಬೀ ರಹ್ಮತ್. ಊರೆಲ್ಲ ದೂರವಾದ ಮೇಲೂ ಪರರ ಮನೆಯಲ್ಲಿ ದುಡಿದು ಗಂಡನನ್ನು ಸಾಕಿದಳು ಎಂದು ಪರಂಪರೆ ಹೇಳುತ್ತದೆ. ಪ್ರವಚನಕಾರರು ಅಯ್ಯೂಬರ ಸಹನೆಯನ್ನು ಒಂದು ಗಂಟೆ ಬಣ್ಣಿಸಿ, ರಹ್ಮತ್ ಬೀಬಿಯನ್ನು ಆದರ್ಶ ಪತ್ನಿ ಎಂಬ ಎರಡು ಪದದಲ್ಲಿ ಮುಗಿಸುತ್ತಾರೆ. ಆಕೆ ದಣಿದಳೇ, ಬೇಸತ್ತಳೇ, ಒಂಟಿಯಾಗಿ ಅತ್ತಳೇ ಎಂದು ಕೇಳುವುದಿಲ್ಲ. ಅಯ್ಯೂಬರು ಗುಣಮುಖರಾದರು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಇಲ್ಲೂ ಕೊನೆಗೆ ಕಳೆದದ್ದು ಮರಳುತ್ತದೆ. ಗುಣವಾಗದ ರೋಗದ ಪಕ್ಕದಲ್ಲಿ ಕುಳಿತವಳಿಗೆ ಈ ಕಥೆಯ ಅರ್ಧ ಮಾತ್ರ ಅನ್ವಯಿಸುತ್ತದೆ.

ಸಬರ್ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂಬ ಅರ್ಥವನ್ನು ಮಾಡಿಕೊಂಡವರು ನಾವು. ಅಯ್ಯೂಬರು ತಮ್ಮ ನೋವನ್ನು ದೇವನ ಮುಂದೆ ಕೂಗಿ ಹೇಳಿದರು. ಪ್ರವಾದಿ ಯಾಕೂಬ್(ಅ) ಕಾಣೆಯಾದ ಮಗನಿಗಾಗಿ ಕಣ್ಣು ಬೆಳ್ಳಗಾಗುವವರೆಗೆ ಅತ್ತರು. ಸುತ್ತಲಿನವರು ಸಾಕು ಎಂದಾಗಲೂ ನಿಲ್ಲಿಸಲಿಲ್ಲ. ಇಬ್ಬರನ್ನೂ ಯಾರೂ ಸಬರ್ ಇಲ್ಲದವರು ಎನ್ನಲಿಲ್ಲ. ಕಾಣೆಯಾದವನಿಗಾಗಿ ಅಳುವ ಹಕ್ಕು ಪ್ರವಾದಿಗೆ ಇತ್ತೆಂದ ಮೇಲೆ, ಮನೆಯಲ್ಲೇ ಕಾಣೆಯಾದವನಿಗಾಗಿ ಅಳುವ ಹಕ್ಕು ನಿಟ್ಟೂರಿನ ಹೆಣ್ಣುಮಗಳಿಗೂ ಇದೆ. ರೇಗಿದ ದಿನ ಅವಳು ಕೆಟ್ಟ ಹೆಂಡತಿಯಾಗುವುದಿಲ್ಲ. ‘ಇದು ಬೇಗ ಮುಗಿಯಲಿ’ ಎಂದು ಒಂದು ರಾತ್ರಿ ಮನಸ್ಸಿಗೆ ಬಂದರೆ ಅದು ಗುನಾಹ್ ಅಲ್ಲ, ನಿದ್ದೆಯಿಲ್ಲದ ದೇಹದ ಮಾತು. ಇಷ್ಟನ್ನು ಗಟ್ಟಿಯಾಗಿ ಹೇಳುವ ಒಂದು ಖುತ್ಬಾ, ಒಂದು ಕಥೆ, ಒಂದು ಸಿನಿಮಾ ಎಷ್ಟೋ ಮಾತ್ರೆಗಳಿಗಿಂತ ಹೆಚ್ಚಿನ ಕೆಲಸ ಮಾಡೀತು.

ಮಾತಿನ ಜೊತೆ ನೆರವೂ ಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ನೈಟಿಂಗೇಲ್ಸ್ ಟ್ರಸ್ಟ್‌ನ ಆರೈಕೆ ಕೇಂದ್ರವಿದೆ. ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಶುರುಮಾಡಿತು. ಮನಸ್ಸು ತೀರಾ ಕುಸಿದಾಗ ಮಾತಾಡಲು ಟೆಲಿ-ಮಾನಸ್‌ನ 14416 ಇದೆ, ಹಿರಿಯರ ಸಹಾಯವಾಣಿ 14567 ಇದೆ. 2007ರ ಹಿರಿಯ ನಾಗರಿಕರ ಕಾಯಿದೆ ಮಕ್ಕಳ ಕರ್ತವ್ಯವನ್ನು ನೆನಪಿಸುತ್ತದೆ. ಆದರೆ ಹೆದ್ದಾರಿಯೂ ರೈಲು ಹಳಿಯೂ ಹತ್ತಿರವಿರುವ, ತೋಟದಲ್ಲಿ ತೆರೆದ ಬಾವಿಗಳಿರುವ ಊರಿನಲ್ಲಿ, ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಇರುವಾಗ, ಒಬ್ಬಳೇ ಹೆಂಗಸು ಇಪ್ಪತ್ನಾಲ್ಕು ಗಂಟೆ ಕಾವಲು ಕೂರುವುದಕ್ಕೆ ಇವು ಉತ್ತರವಾಗಲಾರವು. ಉತ್ತರ ಊರಿನೊಳಗೇ ಹುಟ್ಟಬೇಕು. ಅಸರ್‌ನಿಂದ ಮಗ್ರಿಬ್‌ವರೆಗೆ ಆ ಮುದುಕನನ್ನು ಮಸೀದಿಯ ಜಗಲಿಯಲ್ಲಿ ಕೂರಿಸಿಕೊಂಡು ಹಳೆಯ ಕೊಬ್ಬರಿ ರೇಟಿನ ಬಗ್ಗೆ ಮಾತಾಡಿಸಲು ಇಬ್ಬರು ಗೆಳೆಯರು ಸಾಕು. ಅವನು ಹೇಳುವ ರೇಟು ನಲವತ್ತು ವರ್ಷ ಹಿಂದಿನದಾದರೆ ತಿದ್ದಬೇಕಾಗಿಲ್ಲ. ತಿದ್ದಿದಷ್ಟೂ ಅವನ ಭಯ ಹೆಚ್ಚುತ್ತದೆ, ಒಪ್ಪಿದರೆ ಮುಖ ಅರಳುತ್ತದೆ. ಜಮಾಅತ್‌ಗೆ ಇದರಿಂದ ಒಂದು ಪೈಸೆ ಖರ್ಚಿಲ್ಲ.

ಕನ್ನಡದಲ್ಲಿ ಈ ಕಥೆಯನ್ನು ಯಾರಾದರೂ ಬರೆಯಲಿ. ಅದರಲ್ಲಿ ಹೆಂಡತಿ ಬದುಕಿರಲಿ, ಅವಳಿಗೆ ಮಂಡಿನೋವಿರಲಿ, ಸಿಟ್ಟಿರಲಿ, ಪಕ್ಕದ ಮನೆಯ ಗಂಗಮ್ಮನ ಹತ್ತಿರ ಅವಳು ಗಂಡನನ್ನು ಬೈದುಕೊಂಡು ನಗಲಿ. ಕೊನೆಯ ಪುಟದಲ್ಲಿ ಉಂಗುರ ಸಿಗುವುದು ಬೇಡ. ಜಗಲಿಯ ಮೇಲೆ ಅವನು ಗೆಳೆಯರಿಗೆ ಕೊಬ್ಬರಿ ರೇಟು ಹೇಳುತ್ತಿರಲಿ. ಅಷ್ಟರಲ್ಲಿ ಅವಳು ಬಾಗಿಲು ಹಾಕಿಕೊಂಡು ಎರಡು ಗಂಟೆ ನಿದ್ದೆ ಮಾಡಲಿ.